ನಮ್ಮ ಪ್ರಸಂಗದ ವಾಕ್ಯಗಳಲ್ಲಿ ಕರ್ತೃ ಯಾರು?

ಕುರುಬನ ಕೋಲು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ಇಪ್ಪತ್ತೆರಡು ವರ್ಷಗಳಿಂದ ಸಭಾಪಾಲಕನಾಗಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ಕಳೆದ ತಿಂಗಳು ಒಂದು ರಾತ್ರಿ ನಮ್ಮ ಸಭೆಯ ಹಿರಿಯರೊಬ್ಬರ ಮನೆಯಿಂದ ಕರೆ ಬಂತು. ಬಹುಕಾಲದ ಕಾಯಿಲೆಯಿಂದ ಕೈಕಾಲುಗಳ ಸ್ವಾಧೀನ ತಪ್ಪಿ ಮಲಗಿದ್ದವರು ಅವರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಅವರು, "ಏನಾದರೂ ಹೇಳಿ ಅಯ್ಯನವರೇ" ಎಂದರು. ಅಷ್ಟೇ ಕೇಳಿದ್ದು. ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ನನ್ನ ಹಿಂದಿನ ಮೂರು ಭಾನುವಾರಗಳ ಪ್ರಸಂಗಗಳು. ಪ್ರಾರ್ಥನಾ ಜೀವನಕ್ಕೆ ಏಳು ಮೆಟ್ಟಿಲುಗಳು. ಬಿರುಗಾಳಿಯಲ್ಲಿ ಧೈರ್ಯದಿಂದಿರುವುದು ಹೇಗೆ. ನಿಮ್ಮ ಗೊಲ್ಯಾತನನ್ನು ಎದುರಿಸಿರಿ. ಬೆರಳನ್ನೂ ಅಲುಗಾಡಿಸಲಾಗದ ಮನುಷ್ಯನಿಗೆ ಇವುಗಳಲ್ಲಿ ಯಾವುದನ್ನು ಕೊಡಲಿ? ಯಾವ ಮೆಟ್ಟಿಲು ಹತ್ತಿರೆಂದು ಹೇಳಲಿ?

ಕೊನೆಗೆ ಲೂಕನ ಸುವಾರ್ತೆಯ ಇಪ್ಪತ್ತಮೂರನೆಯ ಅಧ್ಯಾಯ ತೆರೆದು ಶಿಲುಬೆಯ ಮೇಲಿದ್ದ ಆ ಅಪರಾಧಿಯ ಭಾಗವನ್ನು ಓದಿದೆ. ಅವನ ಕೈಗಳೂ ಕಟ್ಟಿಹೋಗಿದ್ದವು. ಕದ್ದದ್ದನ್ನು ಹಿಂದಿರುಗಿಸಲು, ದೀಕ್ಷಾಸ್ನಾನ ಪಡೆಯಲು, ಒಂದು ದಿನವಾದರೂ ಒಳ್ಳೆಯವನಾಗಿ ಬದುಕಿ ತೋರಿಸಲು ಅವನಿಗೆ ಅವಕಾಶವಿರಲಿಲ್ಲ. ಪಕ್ಕದ ಶಿಲುಬೆಯಲ್ಲಿದ್ದ ಯೇಸುವನ್ನು ನೋಡಿ, ನನ್ನನ್ನು ನೆನಪುಮಾಡಿಕೋ ಎಂದ. ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂಬ ಉತ್ತರ ಬಂತು. ಹಿರಿಯರು ಕಣ್ಣು ಮುಚ್ಚಿ, "ಇನ್ನೊಮ್ಮೆ ಓದಿ" ಎಂದರು. ಮೂರು ಸಲ ಓದಿಸಿಕೊಂಡರು. ನಾಲ್ಕು ದಿನಗಳ ಮೇಲೆ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿಸಿ ಬಂದವನೇ ನನ್ನ ಪ್ರಸಂಗದ ನೋಟ್‌ಪುಸ್ತಕಗಳನ್ನು ಕೆಳಗಿಳಿಸಿದೆ. ಒಂದು ಕೆಂಪು ಪೆನ್ಸಿಲ್, ಒಂದು ನೀಲಿ ಪೆನ್ಸಿಲ್ ಹಿಡಿದು ಕುಳಿತೆ. "ಬೇಕು" ಎಂದು ಮುಗಿಯುವ ಪ್ರತಿಯೊಂದು ವಾಕ್ಯಕ್ಕೂ ಕೆಂಪು ಗೆರೆ: ನಂಬಬೇಕು, ಕ್ಷಮಿಸಬೇಕು, ಎಚ್ಚರವಾಗಿರಬೇಕು, ಕೊಡಬೇಕು. ಕ್ರಿಸ್ತನು ಏನನ್ನಾದರೂ ಮಾಡಿದ ಅಥವಾ ಮಾಡುವ ವಾಕ್ಯಕ್ಕೆ ನೀಲಿ ಗೆರೆ: ಬಂದನು, ಹೊತ್ತನು, ಸತ್ತನು, ಎದ್ದನು. ಮೊದಲು ತೆರೆದ ಪ್ರಸಂಗದಲ್ಲಿ ನಲವತ್ತೊಂದು ಕೆಂಪು ಗೆರೆಗಳು, ಮೂರು ನೀಲಿ. ಆ ಮೂರರಲ್ಲಿ ಎರಡು ಮುಕ್ತಾಯದ ಪ್ರಾರ್ಥನೆಯಲ್ಲಿದ್ದವು. ಶಾಲೆಯ ವ್ಯಾಕರಣದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಕಲಿತಿದ್ದೇವೆ. ಆತನನ್ನು ಕರ್ತನೇ ಕರ್ತನೇ ಎಂದು ಕರೆಯುವ ನಾನು ನನ್ನ ವಾಕ್ಯಗಳಲ್ಲಿ ಕರ್ತೃವಿನ ಸ್ಥಾನವನ್ನು ಆತನಿಗೆ ಕೊಟ್ಟೇ ಇರಲಿಲ್ಲ. ಅಲ್ಲಿ ಎಲ್ಲೆಲ್ಲೂ ನಾವೇ ಇದ್ದೆವು.

ನಾನು ಸುಳ್ಳನ್ನೇನೂ ಬೋಧಿಸಿಲ್ಲ. ಒಂದೊಂದು ಮಾತಿಗೂ ವಚನದ ಆಧಾರವಿತ್ತು. ಆದರೆ ಕ್ರಿಸ್ತನು ಸಾಯದೆ, ಏಳದೆ ಇದ್ದಿದ್ದರೂ ಆ ಪ್ರಸಂಗಗಳಲ್ಲಿ ಹೆಚ್ಚಿನವನ್ನು ಒಂದಕ್ಷರ ಬದಲಿಸದೆ ಮಾಡಬಹುದಿತ್ತು. ಇದು ನನಗೆ ತಡೆಯಲಾಗದ ದುಃಖ ತಂದಿದೆ. ನಿಮ್ಮ ಅನುಭವವೇನು? ಸರಿಪಡಿಸಿಕೊಳ್ಳುವ ದಾರಿ ಯಾವುದು?

ಎಮ್ಮಾಹು ದಾರಿ:

ಅಯ್ಯನವರೇ, ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಹಳೆಯ ಒಡಂಬಡಿಕೆ ಕಲಿಸುವವನು. ನಿಮ್ಮ ದುಃಖ ನ್ಯಾಯವಾದದ್ದು. ಆದರೆ ಈ ದುಃಖದ ಭರದಲ್ಲಿ ಹಲವರು ಬೀಳುವ ಇನ್ನೊಂದು ಗುಂಡಿಯನ್ನು ತೋರಿಸಬೇಕೆನಿಸಿತು.

ಕ್ರಿಸ್ತನನ್ನು ಕೇಂದ್ರದಲ್ಲಿಡುವ ಆಸೆಯಿಂದ ಸಿಕ್ಕಸಿಕ್ಕಲ್ಲಿ ಆತನನ್ನು ತುರುಕುವ ಅಭ್ಯಾಸ ಹಳೆಯದು. ಯೆರಿಕೋ ಪಟ್ಟಣದ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರ ಕ್ರಿಸ್ತನ ರಕ್ತವೆಂದು ಮೊದಲನೆಯ ಶತಮಾನದ ಕೊನೆಯ ಹೊತ್ತಿಗೇ ರೋಮಿನ ಸಭೆಯಿಂದ ಕೊರಿಂಥಕ್ಕೆ ಹೋದ ಪತ್ರದಲ್ಲಿ ಬರೆಯಲಾಗಿದೆ. ಭಕ್ತಿಯಿಂದ ಬಂದ ಮಾತೇ ಅದು, ಅವರನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ದಾರದ ಬಣ್ಣವನ್ನು ಹಿಡಿದು ಹೊರಟರೆ, ಅನ್ಯಳಾದ ಒಬ್ಬ ವೇಶ್ಯೆಯನ್ನು ದೇವರು ತನ್ನ ಜನರೊಳಗೆ ಸೇರಿಸಿಕೊಂಡನೆಂಬುದೂ, ಅವಳ ಹೆಸರು ಮತ್ತಾಯನ ಮೊದಲನೆಯ ಅಧ್ಯಾಯದಲ್ಲಿ ಕ್ರಿಸ್ತನ ವಂಶಾವಳಿಗೇ ಬಂತೆಂಬುದೂ ಮರೆಗೆ ಸರಿಯುತ್ತವೆ. ಕಥೆ ತಾನಾಗಿಯೇ ಕ್ರಿಸ್ತನ ಕಡೆಗೆ ನಡೆಯುತ್ತಿರುವಾಗ ದಾರ ಹಿಡಿದು ಎಳೆಯುವ ಅಗತ್ಯವೇ ಇಲ್ಲ.

ಎಮ್ಮಾಹುವೆಂಬ ಹಳ್ಳಿಗೆ ಹೋಗುವ ದಾರಿಯಲ್ಲಿ, ಸುಮಾರು 11 ಕಿಲೋಮೀಟರಿನ ಆ ನಡಿಗೆಯಲ್ಲಿ, ಯೇಸು ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳ ಗ್ರಂಥಗಳಲ್ಲಿ ತನ್ನ ವಿಷಯವಾದದ್ದನ್ನು ವಿವರಿಸಿದನು. ಇಡೀ ಗ್ರಂಥದ ಓಟ ಎತ್ತ ಸಾಗುತ್ತದೆಂದು ತೋರಿಸಿದನೆಂದೇ ನಾನು ಅದನ್ನು ಓದುತ್ತೇನೆ. 1930ರ ದಶಕದಲ್ಲಿ ನೆದರ್ಲೆಂಡ್ಸಿನ ರಿಫಾರ್ಮ್ಡ್ ಸಭೆಗಳಲ್ಲಿ ಈ ವಿಷಯದ ಮೇಲೆಯೇ ದೊಡ್ಡ ವಾದ ನಡೆಯಿತು. ಹಳೆಯ ಒಡಂಬಡಿಕೆಯ ವ್ಯಕ್ತಿಗಳು ನಮಗೆ ಮಾದರಿಗಳೆಂದು ಒಂದು ಕಡೆಯವರು. ಅವರು ಕ್ರಿಸ್ತನ ಕಡೆಗೆ ಸಾಗುವ ರಕ್ಷಣೆಯ ಚರಿತ್ರೆಯ ಘಟ್ಟಗಳೆಂದು ಇನ್ನೊಂದು ಕಡೆಯವರು. ನಾನು ಎರಡನೆಯವರ ಕಡೆಗೆ ಹೆಚ್ಚು ವಾಲುತ್ತೇನೆ.

ಉದಾಹರಣೆಗೆ ನೆಹೆಮೀಯನನ್ನೇ ತೆಗೆದುಕೊಳ್ಳಿ. ಸಭೆಗೆ ಹೊಸ ಕಟ್ಟಡ ಬೇಕಾದಾಗಲೆಲ್ಲ ಅವನ ಪುಸ್ತಕ ತೆರೆಯುತ್ತೇವೆ. 52 ದಿನಗಳಲ್ಲಿ ಯೆರೂಸಲೇಮಿನ ಗೋಡೆ ಎದ್ದಿತು, ನಾಯಕನೆಂದರೆ ಹೀಗಿರಬೇಕು, ಆಮೆನ್. ಹದಿಮೂರನೆಯ ಅಧ್ಯಾಯವನ್ನು ಯಾರು ಓದುತ್ತಾರೆ? ಅವನು ಅರಸನ ಬಳಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ವೈರಿಯಾದ ಟೋಬೀಯನಿಗೆ ದೇವಾಲಯದಲ್ಲೇ ಕೊಠಡಿ ಸಿಕ್ಕಿದೆ. ಪಾಲು ಸಿಗದೆ ಲೇವಿಯರು ಹೊಲಗಳಿಗೆ ಮರಳಿದ್ದಾರೆ. ಸಬ್ಬತ್ ದಿನದಲ್ಲಿ ದ್ರಾಕ್ಷಿ ತುಳಿಯುತ್ತಿದ್ದಾರೆ, ತೂರಿನವರು ಮೀನು ಮಾರುತ್ತಿದ್ದಾರೆ. ನೆಹೆಮೀಯ ಸಿಟ್ಟಿನಿಂದ ಕೆಲವರನ್ನು ಹೊಡೆದು ಅವರ ಕೂದಲು ಕೀಳುತ್ತಾನೆ. ಗೋಡೆ ನಿಂತಿದೆ, ಒಳಗಿರುವ ಜನರು ಮಾತ್ರ ಬದಲಾಗಿಲ್ಲ. ಆ ಪುಸ್ತಕ ಹೀಗೆ ಮುಗಿಯುತ್ತದೆ. ಕಲ್ಲು ಗಾರೆಯಿಂದ ಆಗದ ಕೆಲಸವೊಂದು ಉಳಿದುಬಿಟ್ಟಿದೆಯೆಂದು ಅದೇ ಹೇಳುತ್ತಿದೆ. ಇಲ್ಲಿ ಕ್ರಿಸ್ತನನ್ನು ತುರುಕಬೇಕಾಗಿಲ್ಲ. ಕೊನೆಯವರೆಗೆ ಓದಿದರೆ ಸಾಕು, ಜನರೇ ಆತನಿಗಾಗಿ ಹಸಿಯುತ್ತಾರೆ.

ಯಾಕೋಬನ ಓದುಗ:

ನಾನು ಒಪ್ಪುವುದಿಲ್ಲ. ಕೋಪಿಸಿಕೊಳ್ಳಬೇಡಿ, ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ.

"ಬೇಕು" ಎಂಬುದಕ್ಕೆಲ್ಲ ಕೆಂಪು ಗೆರೆ ಎಳೆದರೆ ಬೆಟ್ಟದ ಪ್ರಸಂಗದಲ್ಲಿ ಏನು ಉಳಿಯುತ್ತದೆ? ಯಾಕೋಬನ ಪತ್ರವನ್ನು ತೆಗೆದು ನೋಡಿ. ಐದು ಅಧ್ಯಾಯಗಳಲ್ಲಿ ಯೇಸುವಿನ ಹೆಸರು ಬರುವುದು ಎರಡೇ ಸಲ, ಮೊದಲನೆಯ ಅಧ್ಯಾಯದ ಮೊದಲ ವಚನದಲ್ಲಿ ಮತ್ತು ಎರಡನೆಯ ಅಧ್ಯಾಯದ ಮೊದಲ ವಚನದಲ್ಲಿ. ಉಳಿದದ್ದೆಲ್ಲ ಆಜ್ಞೆ. ನಿಮ್ಮ ನೀಲಿ ಪೆನ್ಸಿಲಿಗೆ ಅಲ್ಲಿ ಕೆಲಸವೇ ಇಲ್ಲ. ಹಾಗಾದರೆ ಯಾಕೋಬನಿಗೆ ಪ್ರಸಂಗ ಮಾಡಲು ಬರುತ್ತಿರಲಿಲ್ಲವೇ?

ನಾನು ಬೆಳೆದ ಸಭೆಯಲ್ಲಿ ಪ್ರತಿ ಭಾನುವಾರವೂ ಶಿಲುಬೆ, ಕೃಪೆ, ರಕ್ತ ಎಂಬ ಮಾತುಗಳೇ. ಅದೇ ಸಭೆಯ ಮುಖ್ಯಸ್ಥರೊಬ್ಬರು ತಮ್ಮಲ್ಲಿ ದುಡಿಯುವವರ ಕೂಲಿಯನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಾಕೋಬ ಐದನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ನಾನು ಅಲ್ಲಿದ್ದ ಹದಿನೈದು ವರ್ಷಗಳಲ್ಲಿ ಆ ವಚನವನ್ನು ಪೀಠದಿಂದ ಒಮ್ಮೆಯೂ ಕೇಳಲಿಲ್ಲ. ಅವರೂ ತಮ್ಮ ಬೋಧನೆ ಕ್ರಿಸ್ತಕೇಂದ್ರಿತವೆಂದೇ ಹೇಳುತ್ತಿದ್ದರು.

ಕುರುಬನ ಕೋಲು:

ಸಹೋದರರೇ, ಕೋಪವಿಲ್ಲ. ಆ ಕೂಲಿಯ ವಿಷಯ ಓದಿ ತಲೆ ತಗ್ಗಿಸಿದೆ. ಅಲ್ಲಿ ಕ್ರಿಸ್ತನ ಹೆಸರಿತ್ತು, ಕ್ರಿಸ್ತನ ಬಾಯಿ ಕಟ್ಟಿತ್ತು. ಬಡವರಿಗೆ ಸುವಾರ್ತೆಯನ್ನು ಸಾರುವುದಕ್ಕೆ ಬಂದೆನೆಂದು ಹೇಳಿದಾತನನ್ನು ಕೇಂದ್ರದಲ್ಲಿಟ್ಟು ಕೂಲಿಯ ವಿಷಯದಲ್ಲಿ ಮೌನವಾಗಿರಲು ಸಾಧ್ಯವಿಲ್ಲ.

ಕೆಂಪು ಗೆರೆ ಎಳೆದದ್ದು ಅಳಿಸುವುದಕ್ಕಲ್ಲ, ಎಣಿಸುವುದಕ್ಕೆ. ನಾನು ಇದನ್ನು ಸ್ಪಷ್ಟವಾಗಿ ಹೇಳದಿದ್ದದ್ದು ತಪ್ಪು. ಆಜ್ಞೆಗಳು ಇರಲೇಬೇಕು, ಆದರೆ ಅವು ಎಲ್ಲಿ ನಿಲ್ಲುತ್ತವೆ ಎಂಬುದು ಮುಖ್ಯ. ನಿನ್ನೆ ರಾತ್ರಿ ಎಫೆಸದವರಿಗೆ ಬರೆದ ಪತ್ರದ ಮೇಲೆ ಇದೇ ಎರಡು ಪೆನ್ಸಿಲುಗಳನ್ನು ಆಡಿಸಿದೆ. ಮೊದಲ ಮೂರು ಅಧ್ಯಾಯಗಳಲ್ಲಿ ಓದುಗರಿಗೆ ಕೊಟ್ಟ ಆಜ್ಞೆ ಒಂದೇ ಒಂದು, ಅದೂ "ನೆನಪುಮಾಡಿಕೊಳ್ಳಿರಿ" ಎಂಬುದು. ಉಳಿದದ್ದೆಲ್ಲ ದೇವರು ಕ್ರಿಸ್ತನಲ್ಲಿ ಮಾಡಿದ್ದು: ಆರಿಸಿಕೊಂಡನು, ಬಿಡಿಸಿದನು, ಬದುಕಿಸಿದನು, ನಡುಗೋಡೆಯನ್ನು ಕೆಡವಿದನು. ನಾಲ್ಕನೆಯ ಅಧ್ಯಾಯ "ಆದಕಾರಣ" ಎಂದು ಆರಂಭವಾಗುತ್ತದೆ, ಅಲ್ಲಿಂದ ಮುಂದೆ ಹತ್ತಾರು ಆಜ್ಞೆಗಳು: ಕಳ್ಳನು ಇನ್ನು ಕದಿಯದಿರಲಿ, ಸುಳ್ಳನ್ನು ಬಿಟ್ಟುಬಿಡಿ, ಕ್ಷಮಿಸಿರಿ. ಹತ್ತು ಆಜ್ಞೆಗಳನ್ನು ಕೊಟ್ಟ ಸೀನಾಯಿ ಬೆಟ್ಟದಲ್ಲೂ ಮೊದಲ ಆಜ್ಞೆಗಿಂತ ಮುಂಚೆ ಒಂದು ವಾಕ್ಯವಿದೆ. ನಿನ್ನನ್ನು ದಾಸತ್ವದಿಂದ ಬಿಡಿಸಿದ ದೇವರು ನಾನೇ, ಎಂದು.

ಆ ಒಂದು ಪದ, ಆದಕಾರಣ, ನನ್ನ ನೋಟ್‌ಪುಸ್ತಕಗಳಲ್ಲಿ ಇಲ್ಲ. ಕಾರಣವನ್ನೇ ಹೇಳದೆ ಆದಕಾರಣ ಎನ್ನುವುದಾದರೂ ಹೇಗೆ?

ಹಣ ಕೂಡಿಸುವಾಗ ಪೌಲನು ಮಾಡಿದ್ದನ್ನೂ ನೋಡಿ. ಕೊರಿಂಥದವರು ಕೊಡಬೇಕಿತ್ತು, ಅವರು ತಡಮಾಡುತ್ತಿದ್ದರು. ಅವನು ಗದರಿಸಲಿಲ್ಲ. ಐಶ್ವರ್ಯವಂತನಾಗಿದ್ದ ಕರ್ತನು ನಿಮಗೋಸ್ಕರ ಬಡವನಾದನೆಂದು ಬರೆದನು. ಕೂಲಿ ತಡೆಹಿಡಿದವರ ಮುಂದೆ ಈ ವಚನವನ್ನು ಓದಿ ನೋಡಬೇಕು. ಯಾಕೋಬನಷ್ಟೇ ಖಾರವಾಗಿ ತಾಗುತ್ತದೆ.

ಯಾಕೋಬನ ಓದುಗ:

ಎಫೆಸದ ವಿಷಯ ನಾನು ಗಮನಿಸಿರಲಿಲ್ಲ. ನೋಡಿದೆ, ನಿಜ. ಆದರೂ ಒಂದು ಮಾತು ಇರಲಿ: "ಆದಕಾರಣ"ದ ತನಕ ಬಂದು ಅಲ್ಲಿಯೇ ಆಮೆನ್ ಹೇಳಿ ಇಳಿದುಹೋಗುವ ಪ್ರಸಂಗಿಗಳೂ ಬೇಕಾದಷ್ಟಿದ್ದಾರೆ.

ಸಂಡೇ ಸ್ಕೂಲ್ ಟೀಚರ್:

ದೊಡ್ಡವರ ಪ್ರಸಂಗದ ವಿಷಯ ನೀವು ಮಾತನಾಡುತ್ತಿದ್ದೀರಿ. ಇದರ ಬೇರು ನಮ್ಮ ಮಕ್ಕಳ ತರಗತಿಗಳಲ್ಲಿದೆ ಎಂದು ನನಗೆ ಅನಿಸುತ್ತದೆ. ದಾನಿಯೇಲನ ಹಾಗೆ ಧೈರ್ಯವಾಗಿರಿ, ಸಮುವೇಲನ ಹಾಗೆ ವಿಧೇಯರಾಗಿರಿ, ಯೋನನ ಹಾಗೆ ಓಡಿಹೋಗಬೇಡಿ. ಹತ್ತು ವರ್ಷ ನಾನೂ ಇದನ್ನೇ ಕಲಿಸಿದೆ. ಪಾಠ ಮುಗಿದ ಮೇಲೆ "ಇದರಿಂದ ನಾವು ಏನು ಮಾಡಬೇಕೆಂದು ಕಲಿತೆವು?" ಎಂಬ ಒಂದೇ ಪ್ರಶ್ನೆ. ಮಕ್ಕಳು ಬಹಳ ಜಾಣರು. ಕಥೆ ಯಾವುದಾದರೂ ಸರಿ, "ಒಳ್ಳೆಯವರಾಗಿರಬೇಕು ಟೀಚರ್" ಎಂದುಬಿಡುತ್ತಾರೆ, ಕಥೆ ಕೇಳದಿದ್ದವರೂ ಕೂಡ.

ಈಗ ಆ ಪ್ರಶ್ನೆಯನ್ನು ಬದಲಾಯಿಸಿದ್ದೇನೆ. ಈ ಕಥೆಯಲ್ಲಿ ಯಾರು ಯಾರನ್ನು ಹುಡುಕಿದರು? ಜಕ್ಕಾಯನ ಪಾಠದ ದಿನ ಎಲ್ಲರೂ "ಜಕ್ಕಾಯ ಯೇಸುವನ್ನು ಹುಡುಕಿದ, ಮರ ಹತ್ತಿದ" ಎಂದರು. ಹಿಂದೆ ಕುಳಿತಿದ್ದ, ಮಾತೇ ಆಡದ ಒಬ್ಬ ಹುಡುಗ ಮಾತ್ರ, "ಆದರೆ ಯೇಸುವಿಗೆ ಅವನ ಹೆಸರು ಹೇಗೆ ಗೊತ್ತಿತ್ತು?" ಎಂದು ಕೇಳಿದ. ತರಗತಿ ಒಂದು ಕ್ಷಣ ನಿಶ್ಶಬ್ದವಾಯಿತು. ಆ ಅಧ್ಯಾಯದ ಹತ್ತನೆಯ ವಚನ, ಮನುಷ್ಯಕುಮಾರನು ತಪ್ಪಿಹೋದದ್ದನ್ನು ಹುಡುಕಿ ರಕ್ಷಿಸುವುದಕ್ಕೆ ಬಂದನೆಂಬುದು, ಅವತ್ತು ನನಗೇ ಹೊಸದಾಗಿ ಕೇಳಿಸಿತು. ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟದ್ದನ್ನೂ ಹೇಳಿಕೊಟ್ಟೆ, ಆದರೆ ಯೇಸು ಅವನ ಮನೆಗೆ ಹೋದ ಮೇಲೆ. ಯಾಕೋಬನ ಓದುಗರಿಗೂ ಇದು ಸಮಾಧಾನ ತರಬಹುದು.

ಮಗಳು:

ನಾನು ಈವರೆಗೆ ಓದುತ್ತಾ ಮಾತ್ರ ಇದ್ದೆ. ಇವತ್ತು ಬರೆಯಲೇಬೇಕೆನಿಸಿತು.

ಕ್ರಿಸ್ತನ ಹೆಸರು ನೂರು ಸಲ ಬಂದರೂ ಕ್ರಿಸ್ತನೇ ಇಲ್ಲದ ಪ್ರಸಂಗ ಇರುತ್ತದೆ. ನನ್ನ ತಾಯಿ ಕ್ಯಾನ್ಸರಿನಿಂದ ಮಲಗಿದ್ದಾಗ ಒಬ್ಬ ಬೋಧಕರು ಮನೆಗೆ ಬಂದರು. ಯೇಸುವಿನ ನಾಮದಲ್ಲಿ, ಯೇಸುವಿನ ನಾಮದಲ್ಲಿ ಎಂದು ಒಂದೇ ಸಮನೆ ಕೂಗಿ ಪ್ರಾರ್ಥಿಸಿದರು. ಗುಣವಾಗಲಿಲ್ಲ. ಎರಡನೆಯ ಸಲ ಬಂದಾಗ, ಅಮ್ಮನ ಎದುರಿನಲ್ಲೇ, "ನಿಮ್ಮ ನಂಬಿಕೆಯಲ್ಲಿ ಎಲ್ಲೋ ಕೊರತೆಯಿದೆ" ಎಂದರು. ಅಮ್ಮ ಸಾಯುವ ದಿನದವರೆಗೂ ಆ ಕೊರತೆ ಎಲ್ಲಿದೆಯೆಂದು ಹುಡುಕುತ್ತಿದ್ದಳು. ದೇವರನ್ನು ಹುಡುಕಲಿಲ್ಲ, ತನ್ನೊಳಗಿನ ಕೊರತೆಯನ್ನು ಹುಡುಕಿದಳು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸ್ಕೇವನ ಏಳು ಮಂದಿ ಮಕ್ಕಳಿದ್ದಾರೆ. ದೆವ್ವ ಬಿಡಿಸಲು ಹೋಗಿ, ಪೌಲನು ಸಾರುವ ಯೇಸುವಿನ ಆಣೆ ಎಂದು ಅವರೂ ಹೆಸರನ್ನು ಬಳಸಿದರು. ಹೆಸರು ಅವರ ಪಾಲಿಗೆ ಒಂದು ಮಂತ್ರವಾಗಿತ್ತು, ಒಬ್ಬ ವ್ಯಕ್ತಿಯಾಗಿರಲಿಲ್ಲ. ನಮ್ಮ ಮನೆಗೆ ಬಂದದ್ದೂ ಅದೇ. ಅಲ್ಲಿ ಕೇಂದ್ರದಲ್ಲಿದ್ದದ್ದು ನಮ್ಮ ನಂಬಿಕೆಯ ಅಳತೆ. ಅಳೆಯುವವರು ಅವರು, ಸೋಲುವವರು ನಾವು.

ಮಾರ್ಕನ ಒಂಬತ್ತನೆಯ ಅಧ್ಯಾಯದ ತಂದೆ ಯೇಸುವಿಗೆ, ನಂಬುತ್ತೇನೆ, ನನಗೆ ನಂಬಿಕೆಯಿಲ್ಲದಿದ್ದರೂ ಸಹಾಯಮಾಡು ಎಂದು ಕೂಗುತ್ತಾನೆ. ಯೇಸು ಅವನಿಗೆ, ನಂಬಿಕೆ ತುಂಬಿಸಿಕೊಂಡು ಬಾ ಎನ್ನಲಿಲ್ಲ. ಮಗನನ್ನು ಗುಣಪಡಿಸಿದನು. ಯಾರಾದರೂ ನನ್ನ ಅಮ್ಮನಿಗೆ ಆ ಯೇಸುವನ್ನು ತೋರಿಸಿದ್ದರೆ ಗುಣವಾಗದಿದ್ದರೂ ಅವಳು ನೆಮ್ಮದಿಯಿಂದ ಹೋಗುತ್ತಿದ್ದಳು. ಕುರುಬನ ಕೋಲು ಅಯ್ಯನವರೇ, ಆ ಹಿರಿಯರಿಗೆ ನೀವು ಲೂಕನನ್ನು ಓದಿದ್ದಕ್ಕೆ ಧನ್ಯವಾದಗಳು. ಅದನ್ನು ಓದುತ್ತಾ ಅತ್ತೆ.

ಕುರುಬನ ಕೋಲು:

ಸಹೋದರಿ, ನಿಮ್ಮ ತಾಯಿಯವರಿಗೆ ಹಾಗೆ ಹೇಳಿದ್ದು ದೊಡ್ಡ ಅನ್ಯಾಯ. ಇದಕ್ಕೆ ವಿವರಣೆ ಬರೆಯಲು ಹೊರಟು ಅಳಿಸಿಹಾಕಿದೆ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಹಿಂದಿನ ಬೆಂಚು:

ಪ್ರಸಂಗದ ಜೊತೆಗೆ ಸೇವೆಯ ವಿಷಯವನ್ನೂ ಒಂದಿಷ್ಟು ಮಾತನಾಡೋಣ. ನಾನು ಕೂಟಗಳಿಗೆ ಪ್ರಕಟಣೆ ಅಚ್ಚು ಮಾಡಿಸಿ ಕೊಡುವ ಕೆಲಸ ಮಾಡುತ್ತಿದ್ದೆ. ಒಮ್ಮೆ ಕರಡನ್ನು ನಾಲ್ಕು ಸಲ ತಿದ್ದಿಸಿದರು. ಬೋಧಕರ ಚಿತ್ರ ಇನ್ನೂ ದೊಡ್ಡದಾಗಲಿ, ಬಿರುದುಗಳು ಮೇಲೆ ಬರಲಿ, ಹಾಡುವವರ ಚಿತ್ರ ಪಕ್ಕದಲ್ಲಿರಲಿ. ಐದನೆಯ ಪ್ರತಿ ಅಚ್ಚಾಗಿ ಗೋಡೆಗೆ ಅಂಟಿದ ಮೇಲೆ ನೋಡುತ್ತೇನೆ, ಯೇಸು ಎಂಬ ಪದ ಎಲ್ಲಿಯೂ ಇಲ್ಲ. ಬೇಕೆಂದು ತೆಗೆದವರು ಯಾರೂ ಅಲ್ಲ. ಚಿತ್ರ ಬೆಳೆಯುತ್ತಾ ಹೋದಂತೆ ಕೆಳಗಿನ ಸಾಲು ಜಾರಿಹೋಗಿತ್ತು. ತಿದ್ದಿದವನು ನಾನೇ, ನನಗೂ ಗೊತ್ತಾಗಲಿಲ್ಲ.

ಜರ್ಮನಿಯ ವಿಟೆನ್‌ಬರ್ಗಿನ ನಗರದ ದೇವಾಲಯದಲ್ಲಿ, ಎಂದರೆ ಸಭಾಸುಧಾರಕ ಲೂಥರ್ ಪ್ರಸಂಗ ಮಾಡುತ್ತಿದ್ದ ಸೇಂಟ್ ಮೇರಿ ಚರ್ಚಿನಲ್ಲಿ, ಕ್ರಾನಾಖ್ ಚಿತ್ರಶಾಲೆಯ ಒಂದು ಬಲಿಪೀಠದ ಚಿತ್ರವಿದೆ. ಅದನ್ನು ಪ್ರತಿಷ್ಠಾಪಿಸಿದ್ದು 1547ರಲ್ಲಿ, ಲೂಥರ್ ತೀರಿಕೊಂಡ ಮರುವರ್ಷ. ಅದರ ಕೆಳಪಟ್ಟಿಯಲ್ಲಿ ಒಂದು ಕಡೆ ಲೂಥರ್ ಪೀಠದ ಮೇಲೆ ನಿಂತಿದ್ದಾನೆ, ಇನ್ನೊಂದು ಕಡೆ ಹೆಂಗಸರು, ಮಕ್ಕಳು, ಮುದುಕರು. ನಡುವೆ ಖಾಲಿ ನೆಲ. ಆ ಖಾಲಿ ನೆಲದ ಮಧ್ಯದಲ್ಲಿ ಶಿಲುಬೆಗೇರಿದ ಕ್ರಿಸ್ತನು. ಲೂಥರನ ಒಂದು ಕೈ ತೆರೆದ ಸತ್ಯವೇದದ ಮೇಲಿದೆ, ಇನ್ನೊಂದು ಕೈ ಕ್ರಿಸ್ತನ ಕಡೆಗೆ ಚಾಚಿದೆ. ಪ್ರಸಂಗಿ ಅಂಚಿನಲ್ಲಿದ್ದಾನೆ. ನಾನು ಅದರ ಪ್ರತಿಯೊಂದನ್ನು ಮುದ್ರಣದ ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದೇನೆ.

ಲುಸ್ತ್ರವೆಂಬ ಪಟ್ಟಣದಲ್ಲಿ ಜನರು ಪೌಲ ಬಾರ್ನಬರನ್ನು ದೇವರುಗಳೆಂದು ತಿಳಿದು ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದಾಗ ಅವರು ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿ ತಡೆದರು. ಹಾರ ಬಂದಾಗ ಬಟ್ಟೆ ಹರಿದುಕೊಳ್ಳುವ ಸೇವಕರು ನಮಗೆ ಬೇಕಾಗಿದ್ದಾರೆ.

ಬಲಿಪೀಠದ ಬದಿ:

ನಾನು ಕಥೋಲಿಕಳು, ಈ ಚರ್ಚೆಯಲ್ಲಿ ಒಂದು ಮಾತು ಸೇರಿಸಬಹುದೇ? ನಮ್ಮ ಗುರುಗಳ ಪ್ರಬೋಧನೆಯಲ್ಲೂ ಈ ಕೊರತೆ ಇಲ್ಲದಿಲ್ಲ. ಆದರೆ ಪ್ರಬೋಧನೆ ದಾರಿ ತಪ್ಪಿದ ಭಾನುವಾರವೂ ಅದು ಮುಗಿದೊಡನೆ ನಾವೆಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ: ನಮಗಾಗಿ ಇಳಿದುಬಂದರು, ಮನುಷ್ಯರಾದರು, ಶಿಲುಬೆಗೇರಿದರು, ಮೂರನೆಯ ದಿನ ಪುನರುತ್ಥಾನರಾದರು. ನೀವು ಹೇಳಿದ ನೀಲಿ ಗೆರೆಯ ವಾಕ್ಯಗಳೇ ಅಲ್ಲವೇ? 325ರಲ್ಲಿ ನಿಸಿಯಾದಲ್ಲಿ ರೂಪುಗೊಂಡು 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ವಿಸ್ತಾರವಾದ ಮಾತುಗಳು ಇವು. ಆಮೇಲೆ ರೊಟ್ಟಿ, ಪಾತ್ರೆ. ಇದನ್ನು ಮಾಡುವಾಗಲೆಲ್ಲ ಪ್ರಭುವಿನ ಮರಣವನ್ನು ಸಾರುತ್ತೀರಿ ಎಂದು ಸಂತ ಪೌಲರು ಬರೆದಿದ್ದಾರೆ. ಗುರುಗಳ ನಾಲಿಗೆ ಮರೆತದ್ದನ್ನು ಬಲಿಪೀಠ ಮರೆಯುವುದಿಲ್ಲ. ಹಾಗೆಂದು ಪ್ರಬೋಧನೆ ಹೇಗಿದ್ದರೂ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಯೇಸುವಿನ ನಾಮ, ಬೋಧನೆ, ಜೀವನ, ರಾಜ್ಯ ಇವುಗಳನ್ನು ಸಾರದಿದ್ದರೆ ಅದು ನಿಜವಾದ ಶುಭಸಂದೇಶ ಪ್ರಸಾರವಲ್ಲವೆಂದು ಜಗದ್ಗುರು (ಪೋಪ್) ಆರನೇ ಪೌಲರು 1975ರಲ್ಲೇ ಸ್ಪಷ್ಟಪಡಿಸಿದ್ದಾರೆ.

ಎಮ್ಮಾಹು ದಾರಿ:

ಅಕ್ಕ, ಒಳ್ಳೆಯ ಮಾತು ಸೇರಿಸಿದಿರಿ. ನಮ್ಮಲ್ಲಿ ಅನೇಕರು ವಿಶ್ವಾಸ ಪ್ರಮಾಣವನ್ನು ಸವಕಲು ಪಾಠವೆಂದು ಕೈಬಿಟ್ಟೆವು, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ.

ಇಷ್ಟೆಲ್ಲ ಕ್ರಿಸ್ತ ಕ್ರಿಸ್ತ ಎಂದರೆ ತಂದೆಯೂ ಪವಿತ್ರಾತ್ಮನೂ ಎಲ್ಲಿ ಎಂದು ನನ್ನ ವಿದ್ಯಾರ್ಥಿಯೊಬ್ಬ ಈ ಚರ್ಚೆಯನ್ನು ಓದಿ ಕೇಳಿದ. ನನ್ನ ಉತ್ತರ ಚಿಕ್ಕದು. ಆತ್ಮನು ನನ್ನನ್ನು ಮಹಿಮೆಪಡಿಸುವನೆಂದು ಯೇಸುವೇ ಯೋಹಾನ ಹದಿನಾರರಲ್ಲಿ ಹೇಳಿದ್ದಾನೆ, ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆಂದು ಹದಿನಾಲ್ಕರಲ್ಲಿ ಹೇಳಿದ್ದಾನೆ. ಕ್ರಿಸ್ತನನ್ನು ಸರಿಯಾಗಿ ತೋರಿಸಿದರೆ ಇಬ್ಬರನ್ನೂ ಮರೆಮಾಡಿದಂತೆ ಆಗುವುದಿಲ್ಲ.

ಕುರುಬನ ಕೋಲು:

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಈ ಭಾನುವಾರ ನೆಹೆಮೀಯ ಹದಿಮೂರನ್ನೇ ಆರಿಸಿಕೊಂಡಿದ್ದೇನೆ. ಎಮ್ಮಾಹು ದಾರಿ ಸಹೋದರರೇ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಇಪ್ಪತ್ತೈದನೆಯ ವಚನದಲ್ಲಿ ಅವನು ಜನರ ಕೂದಲು ಕೀಳುತ್ತಾನಲ್ಲ, ಅದನ್ನು ಏನು ಮಾಡಲಿ? ಬಿಟ್ಟುಬಿಡಲು ಮನಸ್ಸಿಲ್ಲ. ಸಮರ್ಥಿಸಲೂ ಮನಸ್ಸಿಲ್ಲ.

ಎಮ್ಮಾಹು ದಾರಿ:

ಬಿಡಬೇಡಿ. ಅವನ ನೋವನ್ನು ಜನರು ಅನುಭವಿಸಲಿ. ಪಾಪದ ಮೇಲೆ ಅವನಿಗಿದ್ದ ಸಿಟ್ಟು ಸುಳ್ಳಲ್ಲ, ಅದರಿಂದ ಒಬ್ಬರ ಹೃದಯವೂ ಬದಲಾಗಲಿಲ್ಲ ಅಷ್ಟೇ. ಅಲ್ಲಿ ಬಳಸಿರುವ ಇಬ್ರಿಯ ಕ್ರಿಯಾಪದವೇ ಯೆಶಾಯ ಐವತ್ತರ ಆರನೆಯ ವಚನದಲ್ಲೂ ಇದೆ. ಅಲ್ಲಿ ಕರ್ತನ ಸೇವಕನು, ಹೊಡೆಯುವವರಿಗೆ ಬೆನ್ನನ್ನೂ, ಕೂದಲು ಕೀಳುವವರಿಗೆ ಗಲ್ಲವನ್ನೂ ಒಡ್ಡಿದೆನು ಎನ್ನುತ್ತಾನೆ. ನೆಹೆಮೀಯನು ಬರೆಯುವಾಗ ಯೆಶಾಯನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ಮಾತ್ರ ಹೇಳಬೇಡಿ, ಅದು ದಾರಕ್ಕೆ ಬಣ್ಣ ಬಳಿದಂತೆ ಆಗುತ್ತದೆ. ಎರಡು ವಚನಗಳನ್ನೂ ಒಂದರ ಹಿಂದೆ ಒಂದು ನಿಧಾನವಾಗಿ ಓದಿ, ನಡುವೆ ಸ್ವಲ್ಪ ಹೊತ್ತು ಬಿಡಿ.

ಕುರುಬನ ಕೋಲು:

ಓದಿದೆ. ಗಟ್ಟಿಯಾಗಿ ಎರಡು ಸಲ ಓದಿದೆ. ನೋಟ್‌ಪುಸ್ತಕದಲ್ಲಿ ಬರೆದಿದ್ದ ಮುಕ್ಕಾಲು ಪುಟವನ್ನು ಹೊಡೆದುಹಾಕಿದ್ದೇನೆ. "ಒಡ್ಡಿದನು" ಎಂಬ ಪದದ ಕೆಳಗೆ ನೀಲಿ ಗೆರೆ ಎಳೆದು ಅಲ್ಲಿಂದ ಮತ್ತೆ ಬರೆಯುತ್ತಿದ್ದೇನೆ. ಭಾನುವಾರ ಆ ಹಿರಿಯರ ಹೆಂಡತಿಯೂ ಬರುತ್ತೇನೆಂದಿದ್ದಾರೆ, ಅವರು ತೀರಿಕೊಂಡ ಮೇಲೆ ಮೊದಲ ಸಲ.